ಸ್ಮಾರಕದ ನೆರೆಮನೆ

ಊರಿನಿಂದ ನೆಂಟರು ಬಂದರೆ ಕೊಚ್ಚಿಯ ಕನ್ನಡಿಗರಾದ ನಾವು ತಪ್ಪದೆ ತೋರಿಸುವ ಜಾಗಗಳು ಎರಡು. ವಾಸ್ಕೋ ಡ ಗಾಮನನ್ನು 1524ರಲ್ಲಿ ಮೊದಲು ಹೂಳಿದ್ದ ಫೋರ್ಟ್ ಕೊಚ್ಚಿಯ ಸೇಂಟ್ ಫ್ರಾನ್ಸಿಸ್ ಚರ್ಚು ಒಂದು. ಪೋರ್ಚುಗೀಸರು 1555ರ ಸುಮಾರಿಗೆ ಇಲ್ಲಿಯ ಅರಸನಿಗೆ ಕಟ್ಟಿಸಿಕೊಟ್ಟ ಮಟ್ಟಾಂಚೇರಿ ಅರಮನೆ ಇನ್ನೊಂದು. ಎರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ನೋಡುವವರು ನೋಡಿ ಹೋಗುತ್ತಾರೆ. ನೆರೆಮನೆಯವರು ಅಲ್ಲೇ ಬಾಳಬೇಕು. ನನ್ನ ಪ್ರಶ್ನೆ ಇವರನ್ನು ಕುರಿತದ್ದು.

1958ರ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ರಕ್ಷಿತ ಎಲ್ಲೆಯಿಂದ 100 ಮೀಟರಿನೊಳಗೆ ಹೊಸದೇನನ್ನೂ ಕಟ್ಟುವಂತಿಲ್ಲ. ಇದ್ದ ಮನೆಯ ಮೇಲೆ ಒಂದು ಕೋಣೆ ಏರಿಸಿದರೂ ಅದು ಹೊಸದೇ. ರಿಪೇರಿಗೂ ಅನುಮತಿ ಬೇಕು. ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ ಪ್ರದೇಶ. ಬಿ.ಎಸ್‌ಸಿ. ಓದಿದ ಚಾಳಿ, ಲೆಕ್ಕ ಹಾಕಿ ನೋಡಿದೆ. ಸ್ಮಾರಕವನ್ನು ಬರಿಯ ಚುಕ್ಕೆಯೆಂದು ಎಣಿಸಿದರೂ ನಿಷೇಧದ ವೃತ್ತ ಏಳೂಮುಕ್ಕಾಲು ಎಕರೆ. ನಿಯಂತ್ರಿತ ಭಾಗವೂ ಸೇರಿದರೆ ಸುಮಾರು 70 ಎಕರೆ! ಬಯಲಿನ ಗುಡಿಗೆ ಇದೇನೂ ಹೆಚ್ಚಲ್ಲ. ಗೋಡೆಗೆ ಗೋಡೆ ತಾಗಿರುವ ಮಟ್ಟಾಂಚೇರಿಯಲ್ಲಿ ಇಡೀ ಕೇರಿಗಳೇ ಅದರೊಳಗೆ ಬೀಳುತ್ತವೆ.

ಹಾಗಾದರೆ ಕಾನೂನು ಬೇಡವೇ? ಬೇಕು. ತಿರುವನಂತಪುರದ ಪದ್ಮನಾಭಸ್ವಾಮಿ ದೇವಾಲಯದ ಸುತ್ತಲ ಅಗ್ರಹಾರಗಳಲ್ಲಿ ನಡೆದಾಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸಾಲುಮನೆಗಳ ಚೆಲುವು ಯಾವ ಒಂದು ಮನೆಯದೂ ಅಲ್ಲ, ಸಾಲಿನದು. ಹೆಂಚಿನ ಮಾಡುಗಳ ನಡುವೆ ಒಬ್ಬ ಮೂರಂತಸ್ತು ಎಬ್ಬಿಸಿದರೆ ತನ್ನದಲ್ಲದ್ದನ್ನೂ ಕೆಡವಿದಂತೆ. ‘ನನ್ನ ಜಾಗ, ನನ್ನ ಇಷ್ಟ’ ಎಂಬ ವಾದ ಅಲ್ಲಿ ನಿಲ್ಲದು.

ಆದರೆ ಚೆಲುವು ಎಲ್ಲರದೆಂದ ಮೇಲೆ ಖರ್ಚು ಮಾತ್ರ ನೆರೆಯವನದು ಹೇಗಾಯಿತು? ಮಗನ ಮದುವೆಯಾಗಿ, ಕೋಣೆ ಸಾಲದೆ ಇಬ್ಭಾಗವಾಗುವ ಸಂಸಾರ ತೆರುವುದೂ ಒಂದು ತೆರಿಗೆಯೇ. ನಮ್ಮ ಆದಾಯ ತೆರಿಗೆಯನ್ನು ಸಂಬಳ ನೋಡಿ ಹಾಕುತ್ತಾರೆ. ಇದನ್ನು ಟೇಪು ಹಿಡಿದು ಹಾಕಿದ್ದಾರೆ. ಹಣವುಳ್ಳವನು ಹಳೆಯ ಬಂಗಲೆಯನ್ನು ಹೋಟೆಲು ಮಾಡಿ ಅದೇ ಹಳಮೆಯಿಂದ ಗಳಿಸುತ್ತಾನೆ. ಇಲ್ಲದವನು ಸೋರುವ ಮಾಡಿಗಾಗಿ ಅರ್ಜಿ ಬರೆಯುತ್ತಾನೆ.

ನಮ್ಮ ಹಂಪಿಯಲ್ಲೂ 2011ರ ಜುಲೈಯಲ್ಲಿ ವಿರೂಪಾಕ್ಷ ಬೀದಿಯ ಸಾಲುಮಂಟಪಗಳಲ್ಲಿದ್ದ ಮನೆ-ಅಂಗಡಿಗಳನ್ನು ತೆರವು ಮಾಡಿದರು. ಒತ್ತುವರಿ ಎಂದರು. ಇರಬಹುದು. ಮಂಟಪಗಳು ಉಳಿದವು, ಬಜಾರು ಎಂಬುದು ಹೆಸರಿಗಷ್ಟೇ ಉಳಿಯಿತು.

ಕಡತಗಳ ನಡುವೆ ಕೂರುವ ನನಗೆ ತೋಚುವುದು ಇಷ್ಟೇ: ಪ್ರವೇಶದ ಟಿಕೆಟ್ಟಿಗೆ ಒಂದೆರಡು ರೂಪಾಯಿ ಸೇರಿಸಿ, ಅನುಮತಿ ಪತ್ರದ ಜೊತೆಗೇ ಹೆಂಚು, ಮರ, ಸುಣ್ಣದ ಗಾರೆಯ ಖರ್ಚಿನಲ್ಲಿ ಒಂದು ಪಾಲನ್ನೂ ಆ ಮನೆಗೆ ಕಳಿಸಲಿ. ಅದೂ ಜೂನ್ ತಿಂಗಳ ಮಳೆ ಹಿಡಿಯುವ ಮೊದಲು.