ಮುಚ್ಚಿಹೋದ ಬಾವಿಗಳು

ಮೂಲವಾಕ್ಯ: ಆದಿಕಾಂಡ 26ನೆಯ ಅಧ್ಯಾಯ, 15ರಿಂದ 22ನೆಯ ವಚನಗಳು.



ಅಬ್ರಹಾಮನ ಕಾಲದ ಬಾವಿಗಳನ್ನು ಫಿಲಿಷ್ಟಿಯರು ಮಣ್ಣು ಹಾಕಿ ಮುಚ್ಚಿದ್ದರು. ಅವನ ಮಗನಾದ ಇಸಾಕನು ಅವುಗಳನ್ನು ತಿರಿಗಿ ಅಗೆಯಿಸಿದನು. ತಂದೆಯು ಒಮ್ಮೆ ತೋಡಿಸಿದ ಮಾತ್ರಕ್ಕೆ ಮಗನಿಗೆ ನೀರು ದೊರೆಯಲಿಲ್ಲವೆಂಬದನ್ನು ಗಮನಿಸೋಣ. ನೀರು ದೇವರ ದಾನ. ಬಾವಿಯನ್ನು ಕಾಯುವದು ನಮ್ಮ ಕೆಲಸ.

ನಮ್ಮ ದೇಶದಲ್ಲಿ 2019ನೆಯ ಇಸವಿ ಆಗಸ್ಟ್ 15ರಂದು ಜಲ ಜೀವನ ಮಿಷನ್ ಎಂಬ ಕಾರ್ಯವು ಪ್ರಾರಂಭವಾಯಿತು. ಹಳ್ಳಿಯ ಪ್ರತಿಯೊಂದು ಮನೆಗೂ ನಲ್ಲಿಯ ಮೂಲಕ, ತಲೆಗೆ ದಿನಕ್ಕೆ 55 ಲೀಟರ್ ಶುದ್ಧವಾದ ನೀರು ಸಿಕ್ಕಬೇಕೆಂಬದೇ ಅದರ ಉದ್ದೇಶ. ಇದಕ್ಕಾಗಿ ದೇವರಿಗೆ ಸ್ತೋತ್ರ. ಆದರೆ ನಲ್ಲಿ ಬಂದ ಮಾತ್ರಕ್ಕೆ ನೀರು ಬಂದಂತಾಗದು.

ಕೋಲಾರ ಸೀಮೆಯನ್ನು ನೋಡಿರಿ. ವರುಷವಿಡೀ ಹರಿಯುವ ಹೊಳೆ ಅಲ್ಲಿಲ್ಲವಾದದರಿಂದ ಹಿರಿಯರು ಕೆರೆಯ ಕೆಳಗೆ ಕೆರೆಯನ್ನು ಕಟ್ಟಿ ಮಳೆಯ ನೀರನ್ನು ಹಿಡಿದಿಟ್ಟರು. ಕಾಲಾನಂತರ ಅನೇಕ ಕೆರೆಗಳಲ್ಲಿ ಹೂಳು ತುಂಬಿತು, ಕಾಲುವೆಗಳು ಮುಚ್ಚಿಹೋದವು. ಜನರು ಸಾವಿರ ಅಡಿಗೂ ಮಿಕ್ಕಿ ಕೊಳವೆಬಾವಿಗಳನ್ನು ಕೊರೆದರು. ಭೂಮಿಯ ಆಳದ ಬಂಡೆಯಿಂದ ಫ್ಲೋರೈಡ್ ಎಂಬದು ನೀರಿನಲ್ಲಿ ಕರಗುತ್ತದೆ. ಅದು ಲೀಟರಿಗೆ 1.5 ಮಿಲಿಗ್ರಾಮನ್ನು ಮೀರಿದರೆ ಮಕ್ಕಳ ಹಲ್ಲುಗಳು ಕಲೆಗಟ್ಟುವವು. ಇನ್ನೂ ಹೆಚ್ಚಾದರೆ, ಅನೇಕ ವರುಷ ಕುಡಿದವರ ಎಲುಬುಗಳು ಕೆಡುವವು. ಕಾಯಿಸಿದರೆ ಕ್ರಿಮಿಗಳು ಸಾಯುವವೇ ಹೊರತು ಇದು ಹೋಗುವದಿಲ್ಲ. ನಮ್ಮ ಕೆರೆಗಳನ್ನು ಮುಚ್ಚಿದವರು ಫಿಲಿಷ್ಟಿಯರಲ್ಲ, ನಮ್ಮ ಅಲಕ್ಷ್ಯವೇ.

ಇನ್ನೊಂದು ಮಾತುಂಟು. ಇಸಾಕನ ಆಳುಗಳು ನೀರು ಕಂಡಾಗ ಗೆರಾರಿನ ಕುರುಬರು ಅದು ತಮ್ಮದೆಂದು ಜಗಳವಾಡಿದರು. ಹಾಗೆಯೇ ನಮ್ಮ ಹಿರಿಯರಲ್ಲಿ ಅನೇಕರು ಊರ ಬಾವಿಯ ಹತ್ತಿರ ಹೋಗಕೂಡದೆ, ಯಾರಾದರೂ ಹೊಯ್ಯುವ ತನಕ ಕೊಡವಿಟ್ಟು ದೂರ ನಿಂತಿದ್ದರು. 1927ನೆಯ ಇಸವಿ ಮಾರ್ಚ್ 20ರಂದು ಮಹಾಡಿನಲ್ಲಿ ಡಾಕ್ಟರ್ ಅಂಬೇಡ್ಕರರು ಜನರೊಡನೆ ಚವದಾರ್ ಕೆರೆಗಿಳಿದು ಆ ನೀರನ್ನು ಕುಡಿದದ್ದು ಇಂಥ ಅನ್ಯಾಯಕ್ಕೆ ವಿರೋಧವಾಗಿಯೇ. ನಮ್ಮ ಕರ್ತನು ಸಮಾರ್ಯದ ಸ್ತ್ರೀಯ ಕೈಯಿಂದ ನೀರು ಬೇಡಿದ್ದನ್ನು ಬಲ್ಲೆವಲ್ಲಾ.

ಈಗ ನಮ್ಮ ಮನಸ್ಸಾಕ್ಷಿಯನ್ನು ಕೇಳೋಣ. ನಲ್ಲಿಯ ಕೊಳವೆಗೆ ಮೋಟಾರು ಹಚ್ಚಿ ನೀರೆಳೆಯುವವರು ನಮ್ಮಲ್ಲಿ ಇಲ್ಲವೋ? ಆಗ ಬೀದಿಯ ಕೊನೆಯ ಮನೆಯ ವಿಧವೆಯ ಕೊಡಕ್ಕೆ ಏನು ಬೀಳುವದು? ದೂರ ನಿಂತವರ ಮಕ್ಕಳಾದ ನಾವು ಇನ್ನೊಬ್ಬಳನ್ನು ದೂರ ನಿಲ್ಲಿಸುವದಾದರೆ, ಭಾನುವಾರದ ಕರ್ತನ ಭೋಜನಕ್ಕೆ ಯಾವ ಮುಖದಿಂದ ಬರುವೆವು?

ಆದಕಾರಣ ಮೋಟಾರು ಇದ್ದವರು ಇಂದೇ ಅದನ್ನು ಬಿಚ್ಚಿರಿ. ನೀರಿನ ತೆರಿಗೆಯನ್ನು ಕೊಡಿರಿ. ಕೆರೆಯ ಹೂಳೆತ್ತುವ ದಿನ ಮನೆಗೊಬ್ಬರು ಹೊರಡಿರಿ. ಗ್ರಾಮದ ನೀರಿನ ಸಮಿತಿಯಲ್ಲಿ ಅರ್ಧದಷ್ಟಾದರೂ ಸ್ತ್ರೀಯರಿರಬೇಕೆಂಬ ನಿಯಮವುಂಟು. ಕೊಡ ಹೊತ್ತವರೇ ಅಲ್ಲಿ ಕೂತು ಮಾತಾಡಲಿ, ನೀರಿನ ಪರೀಕ್ಷೆಯನ್ನೂ ಕಲಿಯಲಿ.

ಇಸಾಕನ ಮೂರನೆಯ ಬಾವಿಗೆ ಜಗಳವಿರಲಿಲ್ಲ. ಅದಕ್ಕೆ ರೆಹೋಬೋತ್, ಅಂದರೆ ವಿಶಾಲವಾದ ಸ್ಥಳವೆಂದು ಹೆಸರಿಟ್ಟನು. ನಮ್ಮ ಊರಿನ ನಲ್ಲಿಯೂ ಎಲ್ಲರಿಗೂ ಸ್ಥಳವುಳ್ಳ ರೆಹೋಬೋತ್ ಆಗುವಂತೆ ದೇವರು ಅನುಗ್ರಹಿಸಲಿ. ಆಮೆನ್.