ಕಾಣದ್ದು ಇಲ್ಲವೇ?

ನಿಪ್ಪಾಣಿ ತಾಲ್ಲೂಕಿನ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ, ಅಂದರೆ ಆಹಾರ ತೊರೆದು ದೇಹ ಬಿಡುವ ವ್ರತ, ಸ್ವೀಕರಿಸಿದರು. ಕಣ್ಣು ಮಂಜಾಗಿತ್ತು. ದಿಗಂಬರ ಮುನಿ ಮುಂದಿನ ನಾಲ್ಕು ಮೊಳ ನೆಲ ನೋಡಿಕೊಂಡೇ ಹೆಜ್ಜೆ ಇಡಬೇಕು. ದೃಷ್ಟಿ ಹೋದ ಮೇಲೆ ಆ ನೇಮ ನಡೆಯದು. ಇರುವೆ ಕಾಣಲಿಲ್ಲ ಎಂದ ಮಾತ್ರಕ್ಕೆ ದಾರಿಯಲ್ಲಿ ಇರುವೆಯೇ ಇರಲಿಲ್ಲ ಎನ್ನುವಂತಿಲ್ಲವಲ್ಲ.

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಜೈನ ಮನೆಗಳಿಗೆ ಇದು ಭಕ್ತಿಯ ವಿಷಯ. ಇದರೊಳಗಿನ ತರ್ಕ, ಈ ಊರುಗಳ ರೋಗಿಗಳು ಹುಡುಕಿಕೊಂಡು ಹೋಗುವ ಮಿರಜ, ಬೆಳಗಾವಿಯ ಎಂಡೋಸ್ಕೋಪಿ ಕೋಣೆಗೂ ಸಲ್ಲುತ್ತದೆ.

ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪೊರೆಗೆ ಬರುವ ದೀರ್ಘಕಾಲದ ಉರಿಯೂತ. ಔಷಧಿಯಿಂದ ರಕ್ತ ಬೀಳುವುದು ನಿಲ್ಲುತ್ತದೆ. ರೋಗಿ ‘ಈಗ ಆರಾಮ ಅದೀನ್ರಿ’ ಎಂದು ಕಬ್ಬಿನ ಹೊಲಕ್ಕೆ ಮರಳುತ್ತಾನೆ. ಆದರೆ ವರ್ಷಗಟ್ಟಲೆ ಉರಿದ ಪೊರೆಯಲ್ಲಿ ಕ್ಯಾನ್ಸರಿನ ಅಪಾಯ ಹೆಚ್ಚು. ಹೀಗಾಗಿ ರೋಗ ಶುರುವಾದ ಸುಮಾರು 8 ವರ್ಷಕ್ಕೆ ಕಾವಲಿನ ಕೊಲೊನೊಸ್ಕೋಪಿ ಆರಂಭವಾಗಬೇಕು. ಹುಡುಕಬೇಕಾದದ್ದು ಎಷ್ಟೋ ಸಲ ಎದ್ದ ಗಂಟಲ್ಲ, ಪೊರೆಯ ಬಣ್ಣದಲ್ಲೇ ಬೆರೆತ ಚಪ್ಪಟೆ ಕಲೆ.

ಹಳೆಯ ರೂಢಿಯಲ್ಲಿ ಪ್ರತಿ 10 ಸೆಂ.ಮೀ.ಗೆ ನಾಲ್ಕು ದಿಕ್ಕಿನಿಂದ ಒಂದೊಂದು ಚೂರು ಕಿತ್ತು, ಕನಿಷ್ಠ 33 ಚೂರುಗಳನ್ನು ಪರೀಕ್ಷೆಗೆ ಕಳಿಸುತ್ತಿದ್ದರು. ಅಷ್ಟೂ ಸೇರಿದರೆ ಕರುಳಿನ ಒಳಮೈಯ ಶೇ. 1ರಷ್ಟೂ ಆಗದು. ಹೊಸ ಕ್ರಮದಲ್ಲಿ ಇಂಡಿಗೊ ಕಾರ್ಮೈನ್ ಅಥವಾ ಮೆಥಿಲೀನ್ ಬ್ಲೂ ಸಿಂಪಡಿಸುತ್ತಾರೆ. ನೀಲಿ ಹರಡಿದ ಪೊರೆಯ ಮೇಲೆ ಕಲೆಯ ಅಂಚು ಎದ್ದು ಕಾಣುತ್ತದೆ. ಜರ್ಮನಿಯ ಮೈಂಜ್‌ನಲ್ಲಿ 165 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಬಣ್ಣ ಹಾಕಿದ ಗುಂಪಿನಲ್ಲಿ 32 ಕ್ಯಾನ್ಸರ್-ಪೂರ್ವ ಬದಲಾವಣೆಗಳು ಸಿಕ್ಕವು, ಹಾಕದ ಗುಂಪಿನಲ್ಲಿ 10.

‘ಏನೂ ಕಾಣಲಿಲ್ಲ’ ಎಂಬುದು ಯಾವಾಗ ‘ಏನೂ ಇಲ್ಲ’ ಎಂಬುದಕ್ಕೆ ಪ್ರಮಾಣವಾಗುತ್ತದೆ? ಬೌದ್ಧ ತಾರ್ಕಿಕ ಧರ್ಮಕೀರ್ತಿ ಒಂದು ಷರತ್ತು ಹಾಕಿದ: ವಸ್ತು ಇದ್ದಿದ್ದರೆ ಕಂಡೇ ತೀರುತ್ತಿತ್ತು ಎನ್ನುವಂತಿರಬೇಕು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ. ಪಿಶಾಚಿ ಕಾಣದಿದ್ದರೆ ಹಾಗೆ ಹೇಳಲಾಗದು, ಅದು ಮೊದಲೇ ಕಾಣುವಂಥದ್ದಲ್ಲ.

ಜೈನರ ಅಕಲಂಕ ಇದನ್ನು ಒಪ್ಪಲಿಲ್ಲ. ಸಮಂತಭದ್ರರ ‘ಆಪ್ತಮೀಮಾಂಸೆ’ಗೆ ಬರೆದ ‘ಅಷ್ಟಶತೀ’ ವ್ಯಾಖ್ಯಾನದಲ್ಲಿ ಅವರ ಆಕ್ಷೇಪ ಮೊನಚಾಗಿದೆ. ಇನ್ನೊಬ್ಬರ ಚೈತನ್ಯ ಎಂದೂ ಕಣ್ಣಿಗೆ ಬೀಳುವುದಿಲ್ಲ. ಧರ್ಮಕೀರ್ತಿಯ ಷರತ್ತು ಹಿಡಿದರೆ ಹೆಣದಲ್ಲಿ ಜೀವ ಹೋಗಿದೆಯೋ ಇಲ್ಲವೋ ಎಂಬ ಸಂಶಯ ತೀರದು, ಅಂತ್ಯಕ್ರಿಯೆ ಮಾಡಿದವರೆಲ್ಲ ಪಾಪಿಗಳಾದಾರು! ಪ್ರತ್ಯಕ್ಷವಾಗದ ರೋಗವೂ ವಾಸಿಯಾಯಿತೆಂದು ಜನ ನಿರ್ಣಯಿಸುತ್ತಾರಲ್ಲ ಎಂದೂ ಅವರು ಕೇಳುತ್ತಾರೆ.

‘ಆರಾಮ ಅದೀನ್ರಿ’ ಎನ್ನುವ ರೈತ ಮಾಡುವುದು ಇಂಥದೇ ನಿರ್ಣಯ. ಉರಿಯೂತದ ಮಟ್ಟಿಗೆ ಅದು ಬಹುಪಾಲು ಸರಿಯೂ ಹೌದು, ಉರಿಯೂತಕ್ಕೆ ರಕ್ತ, ನೋವು, ಭೇದಿಯ ಕುರುಹುಗಳಿವೆ. ಕ್ಯಾನ್ಸರ್-ಪೂರ್ವ ಕಲೆಗೆ ಅಂಥ ಯಾವ ಕುರುಹೂ ಇಲ್ಲ; ಇದ್ದರೆ ಕಂಡೇ ತೀರುವಂತೆ ನೋಡದ ಹೊರತು ಅದು ಇಲ್ಲ ಎನ್ನಲಾಗದು. ಜೈನರ ಸೀಮೆಯಲ್ಲಿ ಹೇಳಲು ತುಸು ಸಂಕೋಚವಾದರೂ, ಕರುಳಿನ ಈ ಮೊಕದ್ದಮೆಯಲ್ಲಿ ಧರ್ಮಕೀರ್ತಿಗೇ ಗೆಲುವು.

ಹಾಗಾದರೆ ಬಣ್ಣ ಹಾಕದ ವೈದ್ಯ ತಪ್ಪಿತಸ್ಥನೇ? 2015ರಲ್ಲಿ ಅಂತರರಾಷ್ಟ್ರೀಯ ತಜ್ಞರ ‘ಸೀನಿಕ್’ ಒಮ್ಮತ ಬಣ್ಣದ ಪರ ನಿಂತಿತು. ಆದರೂ ಅನೇಕರು ಹಿಂಜರಿದರು. ಬಣ್ಣ ಹಾಕಿದರೆ ಹೊತ್ತು ಹಿಡಿಯುತ್ತದೆ, ಕಣ್ಣು ಪಳಗಬೇಕು, ಉರಿಯೂತ ಇಳಿದಿರಬೇಕು. ಅಷ್ಟರಲ್ಲಿ ಹೈ-ಡೆಫಿನಿಷನ್ ಸ್ಕೋಪುಗಳು ಬಂದವು. ಗುಂಡಿ ಒತ್ತಿದರೆ ಬೆಳಕೇ ಬದಲಾಗಿ ಪೊರೆಯ ವಿನ್ಯಾಸ ತೋರುವ ಸೌಲಭ್ಯವೂ ಬಂತು. ಅಂಥ ಸ್ಕೋಪಿದ್ದರೆ ಈ ಬೆಳಕೂ ಸಾಕೆಂದು 2021ರಲ್ಲಿ ಅಮೆರಿಕದ ಜಠರಕರುಳು ತಜ್ಞರ ಸಂಘ ಹೇಳಿತು. ಕಾದು ನೋಡಿದವರೆಲ್ಲ ಸೋಮಾರಿಗಳಲ್ಲ. ಹಳೆಯ ಸ್ಕೋಪು, ಬರಿಯ ಬಿಳಿ ಬೆಳಕು ಹಿಡಿದು ‘ನಾರ್ಮಲ್’ ಎಂದು ಬರೆದುಕೊಡುವುದಕ್ಕೆ ಮಾತ್ರ ಈಗ ಸಮರ್ಥನೆ ಕಷ್ಟ.

ಕರುಳು ಸ್ವಚ್ಛವಾಗಿರದಿದ್ದರೆ ಯಾವ ಬಣ್ಣವೂ ಕೆಲಸಕ್ಕೆ ಬಾರದು. ತೊಳೆಯುವ ದ್ರಾವಣವನ್ನು ಸಾಮಾನ್ಯವಾಗಿ ಅರ್ಧ ಹಿಂದಿನ ಸಂಜೆ, ಅರ್ಧ ನಸುಕಿನಲ್ಲಿ ಕುಡಿಸುತ್ತಾರೆ. ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದ ವ್ರತಸ್ಥರಿಗೆ ಇದು ಧರ್ಮಸಂಕಟ. ಪರೀಕ್ಷೆಯನ್ನು ಮಧ್ಯಾಹ್ನಕ್ಕೆ ಇಟ್ಟು ಪೂರ್ತಿ ದ್ರಾವಣವನ್ನು ಅಂದೇ ಬೆಳಿಗ್ಗೆ ಕೊಡುವ ಕ್ರಮವೂ ಉಂಟು. ರೋಗಿ ಮೊದಲೇ ಬಾಯಿಬಿಟ್ಟು ಹೇಳಬೇಕಷ್ಟೆ.

ವರದಿಯಲ್ಲಿ ಸ್ಕೋಪು ಕರುಳಿನ ಕೊನೆಯವರೆಗೆ ಹೋಯಿತೇ, ಪೊರೆ ಎಷ್ಟು ಸ್ವಚ್ಛವಿತ್ತು, ಬಣ್ಣವೋ ಬೆಳಕೋ ಏನು ಬಳಸಿದರು ಎಂಬುದಿರಬೇಕು. ಮುಂದಿನ ಪರೀಕ್ಷೆ 1 ವರ್ಷಕ್ಕೋ 5 ವರ್ಷಕ್ಕೋ ಎಂಬುದನ್ನು ವೈದ್ಯರು ಲೆಕ್ಕ ಹಾಕುವಾಗ, ಕುಟುಂಬದಲ್ಲಿನ ಕ್ಯಾನ್ಸರ್, ಪಿತ್ತನಾಳದ ಉರಿಯೂತಗಳ ಜೊತೆ ಈ ವಿವರಗಳೂ ಬೇಕಾಗುತ್ತವೆ.