ಧಾಟಿ ಯಾರದ್ದು?

ಮುಂಡಗೋಡ ತಾಲ್ಲೂಕಿನ ಚಿಗಳ್ಳಿಯ ಕಡೆಯೇ ಇರಲಿ, ಕರ್ನಾಟಕದ ಬೇರಾವ ಊರೇ ಇರಲಿ, ಭಜನೆಯವರ ಕೈಯಲ್ಲಿ ಓಡಾಡುವ ಸಣ್ಣ ಹಾಡಿನ ಪುಸ್ತಕಗಳನ್ನು ನೋಡಿದವರಿಗೆ ಗೊತ್ತು. ಹಾಡಿನ ಮೇಲೆ ‘ಧಾಟಿ’ ಎಂದು ಬರೆದು, ಮುಂದೆ ಯಾವುದೋ ಸಿನಿಮಾ ಹಾಡಿನ ಮೊದಲ ಸಾಲು ಕೊಟ್ಟಿರುತ್ತಾರೆ. ಪದ ಹೊಸದು, ಸ್ವರ ಕಡ ತಂದದ್ದು. ಇದನ್ನು ಕಳವು ಎಂದು ಯಾರೂ ಅನ್ನುವುದಿಲ್ಲ. ಯಾಕೆ?

ಹಳೆಯ ವಿಡಿಯೋ ಗೇಮ್‌ಗಳನ್ನು ಬಿಚ್ಚಿ ಕಲೆ ಮಾಡುವವರ ವಿಚಾರ ಬಂದಾಗಲೂ ಇದೇ ಪ್ರಶ್ನೆ ಏಳುತ್ತದೆ. ಅಮೆರಿಕದ ಕಲಾವಿದ ಕೋರಿ ಆರ್ಕೇಂಜಲ್ 2002ರಲ್ಲಿ ‘ಸೂಪರ್ ಮಾರಿಯೋ ಬ್ರದರ್ಸ್’ ಕ್ಯಾಸೆಟ್‌ನ ಚಿಪ್ ಬದಲಿಸಿ, ಮೋಡಗಳನ್ನಷ್ಟೇ ಉಳಿಸಿದ. ಮಾರಿಯೋ ಇಲ್ಲ, ಶತ್ರುಗಳಿಲ್ಲ, ಗೆಲುವು ಸೋಲು ಇಲ್ಲ. ನೀಲಿ ಆಕಾಶದಲ್ಲಿ ಮೋಡ ತೇಲುತ್ತವೆ. ಇದು ಕಲೆಯೆಂದು ಮ್ಯೂಸಿಯಂ ಸೇರಿತು. ಅದೇ ಆಟದ ನಕಲುಗಳು ನಮ್ಮ ಪೇಟೆಗಳಿಗೂ ಬಂದಿದ್ದವು. ಕ್ಯಾಸೆಟ್ ಮೇಲೆ ‘9999 ಇನ್ 1’ ಎಂದು ಬರೆದಿದ್ದರೂ ಒಳಗಿದ್ದವು ಕೆಲವೇ ಆಟ. ಅವನ್ನೇ ಬೇರೆ ಬೇರೆ ಹಂತದಿಂದ ಶುರುವಾಗುವಂತೆ ತಿದ್ದಿ ಹೊಸ ಹೆಸರಿಟ್ಟಿದ್ದರು. ಕೈಚಳಕ ಎರಡರಲ್ಲೂ ಇದೆ. (ಮಕ್ಕಳಿಗೆ ಹೆಚ್ಚು ಖುಷಿ ಕೊಟ್ಟದ್ದು ಎರಡನೆಯದೇ!) ಮ್ಯೂಸಿಯಂ ಒಪ್ಪಿದ್ದರಿಂದ ಒಂದು ಕಲೆಯಾಯಿತು ಎಂಬ ಮಾತನ್ನು ನಾನು ನಂಬುವುದಿಲ್ಲ. ಆರ್ಕೇಂಜಲ್ ಯಾವ ಆಟ, ಏನು ತೆಗೆದೆ, ಹೇಗೆ ತೆಗೆದೆ ಎಂದು ಕೋಡ್ ಸಮೇತ ಹೇಳಿದ. ಅಂದರೆ ಧಾಟಿ ಬರೆದ. ಇನ್ನೊಬ್ಬ ಧಾಟಿ ಅಳಿಸಿ ಲೆಕ್ಕ ಹೆಚ್ಚಿಸಿದ.

ಆಟ ತಿದ್ದುವ ಹವ್ಯಾಸಿಗಳಲ್ಲಿ ‘ಪ್ಯಾಚ್’ ಎಂಬ ರೂಢಿಯಿದೆ. ಅವರು ಇಡೀ ಆಟವನ್ನು ಹಂಚುವುದಿಲ್ಲ; ಎಲ್ಲಿ ಯಾವ ಬೈಟ್ ಬದಲಾಗಬೇಕು ಎಂಬುದನ್ನಷ್ಟೇ ಒಂದು ಪುಟ್ಟ ಫೈಲಿನಲ್ಲಿ ಕೊಡುತ್ತಾರೆ. ಮೂಲ ಆಟ ಇಲ್ಲದವನಿಗೆ ಅದು ಬರೀ ಅಂಕಿಗಳ ರಾಶಿ. ಭಜನೆ ಪುಸ್ತಕವೂ ಹಾಗೇ. ಸ್ವರಲಿಪಿ ಇಲ್ಲ, ಸಿನಿಮಾ ಹಾಡು ಗೊತ್ತಿಲ್ಲದವನು ಬಾಯಿ ತೆರೆಯಲಾರ.

ಗೇಮ್ ಬಾಯ್‌ನ ನಾಲ್ಕು ಧ್ವನಿ ಚಾನೆಲ್‌ಗಳಲ್ಲಿ ಹೊಸ ಸಂಗೀತ ಕಟ್ಟುವವರದು ಬೇರೆ ಮಾತು. ಅವರು ತಂದದ್ದು ವಾದ್ಯ ಮಾತ್ರ, ನಾವು ಹಾರ್ಮೋನಿಯಂ ತಂದ ಹಾಗೆ.

ಆದರೆ ಧಾಟಿ ಬರೆದರೆ ಋಣ ತೀರಿತೇ? ಭಜನೆ ಪುಸ್ತಕದಲ್ಲಿ ಸಿನಿಮಾ ಹಾಡಿನ ಸಾಲಿರುತ್ತದೆ, ಆ ಸ್ವರ ಕಟ್ಟಿದವನ ಹೆಸರು ಇರುವುದಿಲ್ಲ. ಆಟಗಳಲ್ಲೂ ನಾವು ಹೇಳುವುದು ಕಂಪನಿಯ ಹೆಸರು. ಆ ಕಾಲದ ಅಟಾರಿ ಕಂಪನಿ ತನ್ನ ಪ್ರೋಗ್ರಾಮರ್‌ಗಳ ಹೆಸರು ಹಾಕುತ್ತಿರಲಿಲ್ಲ. ಅದಕ್ಕೇ ವಾರೆನ್ ರಾಬಿನೆಟ್ ತನ್ನ ‘ಅಡ್ವೆಂಚರ್’ ಆಟದ ಗುಟ್ಟಿನ ಕೋಣೆಯೊಂದರಲ್ಲಿ ತನ್ನ ಹೆಸರನ್ನು ತಾನೇ ಬಚ್ಚಿಟ್ಟ. ಅಲ್ಲಿಗೆ ಹೋಗಬೇಕಾದರೆ ಆಟಗಾರ, ಹಿನ್ನೆಲೆಯ ಬೂದು ಬಣ್ಣದಲ್ಲೇ ಬೆರೆತುಹೋದ ಒಂದು ಚುಕ್ಕೆಯನ್ನು ಹುಡುಕಿ ಎತ್ತಿಕೊಂಡು ನಡೆಯಬೇಕಿತ್ತು.